ದೇವಿದಾಸನ ಬಲಗಡೆ

ತೋಡೂರಿನ ದೇವಿದಾಸನಿಗೆ ಐವತ್ತಾರು ವರ್ಷ. ಇಷ್ಟು ವರ್ಷಗಳಲ್ಲಿ ಆತ ತಾನಾಗಿ ತೀರ್ಮಾನಿಸಿದ್ದು ಏನಾದರೂ ಇದ್ದರೆ ಅದು ಚಹಾಕ್ಕೆ ಸಕ್ಕರೆ ಎಷ್ಟು ಎಂಬುದೊಂದೇ. ಉಳಿದದ್ದೆಲ್ಲ ಊರ ದೇವರ ಪ್ರಸಾದದ ಮೇಲೆ. ದೇವಸ್ಥಾನದ ಪೂಜಾರಿ ಗುನಗ ಹೂವಿನ ಎಸಳುಗಳನ್ನು ಒದ್ದೆ ಮಾಡಿ ದೇವರ ಎದೆಯ ಎರಡೂ ಬದಿಗೆ ಹಚ್ಚುತ್ತಾನೆ. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಬೇರೆಯವರು ಬಾಯಿಬಿಟ್ಟು ಕೇಳುತ್ತಾರೆ. ದೇವಿದಾಸನಿಗೆ ನಾಚಿಕೆ ಜಾಸ್ತಿ. ಮನಸ್ಸಿನಲ್ಲೇ ಕೇಳಿ, ಬಿದ್ದದ್ದನ್ನು ತಾನೇ ನೋಡಿಕೊಂಡು, ಕಾಯಿ ಹಿಡಿದು ಮನೆಗೆ ಬರುತ್ತಾನೆ. ಹೀಗೆ ಕೇಳಿಯೇ ಅಂಕೋಲಾ ಬಸ್ ಸ್ಟ್ಯಾಂಡಿನ ಎದುರು ಸಿಕ್ಕಿದ್ದ ಮಳಿಗೆಯನ್ನು ಬಿಟ್ಟು ಮೀನು ಮಾರ್ಕೆಟಿನ ಹಿಂದೆ ಝೆರಾಕ್ಸ್ ಅಂಗಡಿ ಹಾಕಿದ. ಅವನ ಅಂಗಡಿಯ ಕಾಗದ ಯಾವ ಆಫೀಸಿಗೆ ಹೋದರೂ ಬಂಗಡೆ ವಾಸನೆಯಿಂದಲೇ ಗುರುತು ಸಿಗುತ್ತದೆ.

ಕಳೆದ ವಾರ ಅಂಗಡಿಯ ಕಂಪ್ಯೂಟರ್ ಕೈಕೊಟ್ಟಿತು. ಕಾರವಾರದಿಂದ ಬಂದ ರಿಪೇರಿಯ ನಿತೇಶ, ಹಳೇ ಯಂತ್ರಕ್ಕೆ ಲಿನಕ್ಸೇ ಸರಿ ಎಂದು ಅದನ್ನು ಹಾಕಿದ. ಅದರ ಮೇಲೆ ಹಾಕುವ ಪ್ಯಾಕೇಜುಗಳನ್ನು, ಅಂದರೆ ಒಂದೊಂದು ಕೆಲಸದ ಪ್ರೋಗ್ರಾಮುಗಳನ್ನು, ಮಾತ್ರ ನಾವೇ ಆರಿಸಬೇಕಂತೆ. ಹದಿನಾಲ್ಕು ಹೆಸರಿನ ಪಟ್ಟಿ ಕೊಟ್ಟು, "ಡಿಸ್ಕಿನಲ್ಲಿ ಜಾಗ ಸಣ್ಣದದೆ ದೇವಿದಾಸಣ್ಣ, ಏಳೇ ಹಿಡಿಸ್ತದೆ. ಬೇಕಾದ್ದಕ್ಕೆ ಟಿಕ್ ಹಾಕಿಡಿ, ಆಯ್ತವಾರ ಬರ್ತೆ" ಎಂದು ಹೋದ.

ಸೋಮವಾರ ಶಾಲೆ ಶುರು. ಅರ್ಜಿ, ದಾಖಲೆ ಹಿಡಿದು ಜನ ಸಾಲುಗಟ್ಟುವ ದಿನ. ಅಂದು ಅಂಗಡಿ ನಡೆಯದಿದ್ದರೆ ಗಿರಾಕಿಗಳು ಎದುರಿನ ಹೊಸ ಅಂಗಡಿಗೆ ಹೋಗುತ್ತಾರೆ, ಹೋದವರು ಮತ್ತೆ ಬರುವವರಲ್ಲ. ಬೇರೆ ಯಾರಾದರೂ ಆಗಿದ್ದರೆ ಪ್ರಿಂಟರಿನ ಪ್ಯಾಕೇಜಿಗೆ ಮೊದಲು ಟಿಕ್ ಹಾಕಿ ಸುಮ್ಮನೆ ಮಲಗುತ್ತಿದ್ದರು. ನಮ್ಮ ದೇವಿದಾಸ ಭಾನುವಾರ ಬೆಳಿಗ್ಗೆ ಪಟ್ಟಿ ಹಿಡಿದು ದೇವಸ್ಥಾನಕ್ಕೆ ಹೊರಟ.

ಹದಿನಾಲ್ಕು ಸಲ ಎಸಳು ಹಚ್ಚಿ ಮಾಸ್ತಿ ಗುನಗನ ಕೈ ಸೋತಿತು. ದೇವರು ಚೆಸ್ ಆಟ ಆಗಲಿ ಎಂದ. ನಕ್ಷತ್ರ ತೋರಿಸುವುದು ಆಗಲಿ, ಪಿಯಾನೊ ಕಲಿಸುವುದು ಆಗಲಿ ಎಂದ. ಪ್ರಿಂಟರ್ ಬೇಡ, ಸ್ಕ್ಯಾನರ್ ಬೇಡ, ಕನ್ನಡ ಅಕ್ಷರವಂತೂ ಬೇಡವೇ ಬೇಡ. ದೇವಿದಾಸ ಬೆವರಿಬಿಟ್ಟ. ಆದರೂ ದೇವರ ಮಾತು ಮೀರುವುದುಂಟೇ? ಬಿದ್ದ ಹಾಗೆ ಟಿಕ್ ಹಾಕುತ್ತಾ ಹೋದ.

ಗುನಗನಿಗೆ ತಡೆಯಲಾಗಲಿಲ್ಲ. "ತಮಾ, ಎಡಕ್ಕೆ ಬಿದ್ದದ್ದಕ್ಕೆಲ್ಲ ಎಂತಕ್ಕೆ ಟಿಕ್ ಹಾಕ್ತೆ?"

"ಬಲಕ್ಕೆ ಬಿತ್ತಲಾ?"

"ಅದು ನಿನ್ನ ಬಲ ಮಾರಾಯಾ! ದೇವ್ರು ನಿನ್ನ ಎದ್ರಿಗೆ ನಿಂತಾನೆ. ಅವ್ನ ಬಲಗೈ ಆಚೆ ಬದಿ ಅಲ್ಲನಾ?"

ದೇವಿದಾಸನಿಗೆ ಮೊದಲು ಖುಷಿಯೇ ಆಯಿತು. ಟಿಕ್ಕುಗಳನ್ನು ತಿರುಗಿಸಿದರೆ ಪ್ರಿಂಟರೂ ಬರುತ್ತದೆ, ಕನ್ನಡವೂ ಬರುತ್ತದೆ. ಮೆಟ್ಟಿಲಿಳಿಯುವಾಗ ಬಸ್ ಸ್ಟ್ಯಾಂಡ್ ಎದುರಿನ ಮಳಿಗೆ ನೆನಪಾಗಿ ಹೊಟ್ಟೆ ಉರಿಯಿತು. ಅಂಕೋಲಾ ಬಸ್ಸಿನಲ್ಲಿ ಕೂತ ಮೇಲೆ ಹೆಂಡತಿ ವೈಜಯಂತಿ ನೆನಪಾದಳು. ಇಪ್ಪತ್ತೆಂಟು ವರ್ಷದ ಹಿಂದೆ ಈ ಹುಡುಗಿ ಆಗಬಹುದೇ ಎಂದು ಕೇಳಿದ್ದೂ ಇದೇ ದೇವರನ್ನು. ಎಸಳು ಬಿದ್ದದ್ದು ತನ್ನದೇ ಬಲಗಡೆ. ಅಂದರೆ ದೇವರು ಬೇಡ ಎಂದಿದ್ದ! ಪಟ್ಟಿಯನ್ನು ತಿರುಗಿಸಿದರೆ ಮದುವೆಯೂ ತಿರುಗಿತು. ತಿರುಗಿಸದಿದ್ದರೆ ಝೆರಾಕ್ಸ್ ಅಂಗಡಿಯಲ್ಲಿ ಪಿಯಾನೊ. ಅತ್ತ ದರಿ, ಇತ್ತ ಪುಲಿ. ಬಡಪಾಯಿ ಕಿಟಕಿಗೆ ಹಣೆ ಒತ್ತಿ ಕೂತ.

ಅಂಗಡಿಯಲ್ಲಿ ನಿತೇಶ ಗಡಿಯಾರ ನೋಡುತ್ತಿದ್ದ. ಅಂಗಡಿ ದೇವಿದಾಸನದಾದರೂ ಟೈಪಿಂಗ್ ಎಲ್ಲ ವೈಜಯಂತಿಯದು. ಅವಳು ಪಟ್ಟಿ ಕಿತ್ತುಕೊಂಡು ಓದಿದಳು.

"ಪ್ರಿಂಟರ್ ಎಲ್ಲಿ? ನಾಳೆ ಬಂದವ್ರಿಗೆ ಪಿಯಾನೊ ಬಾರ್ಸಿ ಕಳಿಸ್ತ್ರಿಯಾ?"

"ತಿರ್ಗ್ಸೂಕೆ ಆಗುದಿಲ್ಲ."

"ಎಂತಕ್ಕೆ?"

"ತಿರ್ಗ್ಸಿದ್ರೆ ನೀನೂ ಹೋಗ್ತೆ," ಎಂದವನೇ ದೇವಿದಾಸ ಎಲ್ಲವನ್ನೂ ಹೇಳಿ ಕಣ್ಣೀರು ಹಾಕಿದ. ನಿತೇಶ ಸುಮ್ಮನೆ ಮೌಸು ಒರೆಸತೊಡಗಿದ.

ವೈಜಯಂತಿ ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತಳು. "ಕೇಳಿದ್ದು ನೀವೊಬ್ರೇ ಅಂದ್ಕಂಡ್ರಿಯಾ? ನಮ್ಮಪ್ಪನೂ ಬಿಣಗಾದಲ್ಲಿ ನಮ್ಮೂರ ದೇವ್ರ ಹತ್ರ ಕೇಳಿದ್ದ. ಅಲ್ಲೂ ಬೇಡ ಅಂತೇ ಬಿದ್ದಿತ್ತು."

"ಮತ್ತೆ?"

"ಮತ್ತೆಂತ? ನನ್ನ ನೋಡೂಕೆ ಬಂದಾಗ ನೀವು ಅವಲಕ್ಕಿ ತಿನ್ನೂಕೂ ನಿಮ್ಮ ಆಯಿ ಮೋರೆ ನೋಡಿದ್ರಿ. ಪಾಪ, ಇವ್ರಿಗೆ ನಾನಿಲ್ದೆ ಆಗುದಿಲ್ಲ ಅಂತ ನಾನೇ ಹಟ ಹಿಡ್ದೆ."

ದೇವಿದಾಸ ತಲೆಯೆತ್ತಿ ನೋಡಿದ. ಎರಡೆರಡು ದೇವರು ಬೇಡವೆಂದ ತನ್ನನ್ನು ಬೇಕೆಂದವಳು ಎದುರಿಗೇ ಕೂತಿದ್ದಳು. ಇಷ್ಟು ವರ್ಷ ಅವಳನ್ನು ಒಂದು ಮಾತೂ ಕೇಳಿರಲಿಲ್ಲವಲ್ಲ ಎಂದುಕೊಂಡು ಕಣ್ಣೊರೆಸಿಕೊಂಡ.

ಅವಳು ಪೆನ್ನು ತೆಗೆದು ಪ್ರಿಂಟರ್, ಸ್ಕ್ಯಾನರ್, ಕನ್ನಡ ಎಂದು ಆರಕ್ಕೆ ಟಿಕ್ ಹಾಕಿದಳು. "ಏಳನೇದು ನೀವು ಹೇಳಿ."

ದೇವಿದಾಸ ಅವಳ ಮೋರೆ ನೋಡಿದ.

"ನನ್ನ ನೋಡ್ಬೇಡಿ. ಪಟ್ಟಿ ನೋಡಿ."

ನಿತೇಶನ ಬಸ್ಸು ತಪ್ಪಿತು.

"ಚೆಸ್," ಎಂದ ದೇವಿದಾಸ, ಅಂಗಡಿಯೆಲ್ಲ ಕೇಳುವಷ್ಟು ಜೋರಾಗಿ.

ಅವನಿಗೆ ಚೆಸ್ ಆಡಲು ಬರುವುದಿಲ್ಲ.