ಕೆರೆಯ ಚೌಕಾಸಿ

ಯಾರಾದರೂ ಇನ್ನೂರು ಎಂದರೆ ನನ್ನ ಬಾಯಿ ತಾನಾಗಿ ನೂರು ಎನ್ನುತ್ತದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಚೆನ್ನಾಗಿ ಬರುವ ಲೆಕ್ಕ ಅದೊಂದೇ. ಸೀರೆ ಅಂಗಡಿಯಲ್ಲಿ, ಆಟೋದವನ ಹತ್ತಿರ, ಒಮ್ಮೆ ಡಾಕ್ಟರ ಹತ್ತಿರವೂ ಚೌಕಾಸಿ ಮಾಡಿದ್ದೇನೆ. ಡಾಕ್ಟರು ಇಳಿಸಲಿಲ್ಲ, ನಾನು ಮಾತ್ರೆಯನ್ನು ಅರ್ಧವೇ ನುಂಗಿದೆ. ಈ ಗುಣದಿಂದ ಯಾರಿಗೂ ನಷ್ಟವಾಗಿಲ್ಲ ಎಂದು ಹೋದ ವರ್ಷದವರೆಗೂ ನಂಬಿದ್ದೆ.

ನಮ್ಮದು ಹೂಡಿ ಕಡೆಯ ಹಳೇ ಊರು. ಕೆರೆಯ ಈ ದಡದಲ್ಲಿ ನಾವು, ಆ ದಡದಲ್ಲಿ ಅಪಾರ್ಟ್‌ಮೆಂಟುಗಳು. ಒಂದು ಹುಡುಗಿ ಟ್ಯಾಬ್ ಹಿಡಿದುಕೊಂಡು ಬಂದಳು. ಕೆರೆ ಸರಿಮಾಡಲು ಯಾರು ಎಷ್ಟು ಕೊಡಲು ತಯಾರಿದ್ದಾರೆ ಎಂದು ತಿಳಿಯುವ ಸರ್ವೆಯಂತೆ. ಎರಡು ಚಿತ್ರ ತೋರಿಸಿದಳು. ಒಂದರಲ್ಲಿ ಈಗಿನ ಕೆರೆ, ನೊರೆ, ಜೊಂಡು. ಇನ್ನೊಂದರಲ್ಲಿ ನೀಲಿ ನೀರು, ಕಲ್ಲುಬೆಂಚು, ಬೆಂಚಿನ ಮೇಲೆ ತೆಳ್ಳಗಿನ ಗಂಡ ಹೆಂಡತಿ. ನಮ್ಮ ಬೀದಿಯವರು ಯಾರೂ ಅದರಲ್ಲಿ ಕಾಣಲಿಲ್ಲ.

"ಅಜ್ಜಿ, ಕೆರೆ ಹಿಂಗಾಗೋದಾದ್ರೆ ತಿಂಗಳಿಗೆ ಇನ್ನೂರು ರೂಪಾಯಿ ಕೊಡ್ತೀರಾ?"

"ಯಾರಿಗೆ?"

"ನಿಜವಾಗ್ಲೂ ಕೊಡೋದು ಬೇಡ. ಆದ್ರೆ ನಿಜವಾಗ್ಲೂ ಕೊಡಬೇಕು ಅಂದ್ಕೊಂಡು ಹೇಳಿ."

ಮದುವೆಯಾದ ಹೊಸತರಲ್ಲಿ ನನ್ನ ಗಂಡ ಇಂಥ ಮಾತು ಆಡುತ್ತಿದ್ದ. ಆಗಲ್ಲ ಎಂದೆ.

"ಹಾಗಾದ್ರೆ ನೂರು?"

ನನ್ನ ಕಿವಿ ನೆಟ್ಟಗಾಯಿತು. ಒಂದೇ ಮಾತಿಗೆ ಅರ್ಧಕ್ಕೆ ಇಳಿಯುವ ವ್ಯಾಪಾರಿಯನ್ನು ನಾನು ಕಂಡಿರಲಿಲ್ಲ. ಇನ್ನೂ ಇಳಿಯುತ್ತಾಳೆಂದು "ಅದೂ ಆಗಕಿಲ್ಲ ಕಣವ್ವ" ಎಂದೆ. ಅವಳು ಐವತ್ತು ಎನ್ನಲಿಲ್ಲ. ಏನೋ ಒತ್ತಿಕೊಂಡು ಎದ್ದು ಹೋದಳು. ಚೌಕಾಸಿಯಲ್ಲಿ ಎದ್ದು ಹೋಗುವುದೂ ಒಂದು ಪಟ್ಟು, ನಾಳೆ ತಾನೇ ಬರುತ್ತಾಳೆ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆ ಜಯಮ್ಮ ಬಂದಳು. "ಅಕ್ಕ, ಇನ್ನೂರಕ್ಕೆ ಹೂಂ ಅಂದೆ. ತಕ್ಷಣ ನಾನೂರು ಕೊಡ್ತೀರಾ ಅಂತಾಳೆ ಆ ಹುಡ್ಗಿ."

"ನಿನ್ ಮೊಕ ನೋಡುದ್ರೆ ಎಲ್ರೂ ಏರುಸ್ತಾರೆ ಬುಡು. ಇಲ್ಲ ಅಂದಿದ್ರೆ ನೂರಕ್ಕೆ ಇಳೀತಿದ್ಲು. ನಂಗೆ ಇಳುಸುದ್ಲು."

"ಮೊದ್ಲೇ ಯೋಳ್ಬಾರ್ದಾ?"

ಆ ತಪ್ಪು ಇನ್ನೊಮ್ಮೆ ಆಗಬಾರದೆಂದು ಹುಡುಗಿಗಿಂತ ಒಂದೊಂದು ಮನೆ ಮುಂದೆ ಹೋಗಿ ಎಲ್ಲರಿಗೂ ಹೇಳಿಕೊಟ್ಟೆ, ಎಷ್ಟು ಕೇಳಿದರೂ ಇಲ್ಲ ಅನ್ನಿ ಎಂದು. ನನ್ನ ಬುದ್ಧಿಗೆ ನಮ್ಮ ಬೀದಿ ಮರ್ಯಾದೆ ಕೊಟ್ಟದ್ದು ಅದೇ ಮೊದಲು.

ಹಾಗೆಂದು ಕೆರೆಗೆ ಕೊಟ್ಟು ಗೊತ್ತಿಲ್ಲದವರಲ್ಲ ನಾವು. ನಾನು ಸೊಸೆಯಾಗಿ ಬಂದಾಗ ಬೇಸಿಗೆಯಲ್ಲಿ ಮನೆಗೊಂದು ಆಳು ಹೂಳೆತ್ತಲು ಹೋಗಬೇಕಿತ್ತು. ನಮ್ಮತ್ತೆಗೆ ಮೂವರು ಗಂಡುಮಕ್ಕಳಿದ್ದರೂ ಆ ಆಳು ನಾನೇ. ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದ ನೀರಗಂಟಿಗೆ ಕಣದಲ್ಲೇ ಭತ್ತ ಅಳೆದು ಕೊಡುತ್ತಿದ್ದೆವು. ಕೊಡಲು ಇಷ್ಟವಿದೆಯೇ ಎಂದು ಯಾರೂ ಕೇಳಲಿಲ್ಲ. ನನಗಂತೂ ಇಷ್ಟವಿರಲಿಲ್ಲ, ಸೊಂಟ ಬಿದ್ದುಹೋಗುತ್ತಿತ್ತು. ಆದರೂ ಕೆರೆ ತುಂಬುತ್ತಿತ್ತು. ಆಮೇಲೆ ಗದ್ದೆಯ ಮೇಲೆ ಹನ್ನೆರಡು ಬಾಡಿಗೆ ಮನೆ ಎದ್ದವು, ನೀರಗಂಟಿಯ ಮಗ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ. ಕೆರೆಯಿಂದ ನನಗೆ ಉಳಿದದ್ದು ಹುಲ್ಲು ಮಾತ್ರ. ಎರಡು ಹಸು, ದಿನಕ್ಕೆ ಎರಡು ಹೊರೆ. ಬಾಡಿಗೆ ಹಣ ಮಗನ ಕೈಗೆ ಹೋಗುತ್ತದೆ, ಹಾಲಿನದು ನನ್ನದು. ಈ ವಯಸ್ಸಿನಲ್ಲಿ ಯಾರನ್ನೂ ಕೇಳದೆ ಬಿಚ್ಚುವ ಗಂಟು ನನಗೆ ಅದೊಂದೇ ಇತ್ತು.

ಆರು ತಿಂಗಳಿಗೆ ಸ್ಕೂಲಿನಲ್ಲಿ ಸಭೆ ಕರೆದರು. ಸಾಹೇಬರೊಬ್ಬರು ಗೋಡೆಯ ಮೇಲೆ, ಯಾರು ಎಷ್ಟು ಕೊಡುತ್ತಾರೆಂದು ಬಣ್ಣದ ಪಟ್ಟಿಗಳಲ್ಲಿ ತೋರಿಸಿದರು. ಅಪಾರ್ಟ್‌ಮೆಂಟಿನವರ ಪಟ್ಟಿ ಮಾರುದ್ದ. ನಮ್ಮದನ್ನು ಹುಡುಕಬೇಕಿತ್ತು. ಆ ದಡದವರಿಗೆ ಕೆರೆಯ ಬೆಲೆ ಗೊತ್ತು, ಈ ದಡದವರಿಗೆ ಕೆರೆ ಬೇಡ ಎಂದು ಸರ್ವೆಯಲ್ಲಿ ಬಂದಿದೆಯಂತೆ. ಆದ್ದರಿಂದ ಗೇಟು ಆ ಕಡೆ, ಈ ಕಡೆ ಪೂರ್ತಿ ಬೇಲಿ. ಬೀದಿಯವರೆಲ್ಲ ತಿರುಗಿ ನನ್ನ ಮುಖ ನೋಡಿದರು.

ಹುಡುಗಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಸಭೆ ಮುಗಿದ ಮೇಲೆ ಹೋಗಿ ಹಿಡಿದೆ.

"ನಾನು ಚೌಕಾಸಿ ಮಾಡ್ತಿದ್ದೆ. ನೀನ್ಯಾಕೆ ತಿರ್ಗಾ ಬರ್ನಿಲ್ಲ?"

"ಅದು ಚೌಕಾಸಿ ಅಲ್ಲ ಅಜ್ಜಿ. ಹೂಂ ಅಂದ್ರೆ ಡಬಲ್, ಇಲ್ಲ ಅಂದ್ರೆ ಅರ್ಧ, ಎರಡೇ ಸಲ ಕೇಳ್ಬೇಕು ಅಂತ ಮೇಲಿನವರು ಮಾಡಿಟ್ಟಿರೋದು."

"ಆಯ್ತು, ಈಗ ಇನ್ನೂರು ಬರ್ಕೊ. ಬೀದಿಗೆಲ್ಲ ಯೋಳ್ಕೊಟ್ಟೋಳು ನಾನೇ, ಎಲ್ರುದೂ ಬರ್ಕೊ."

"ಸರ್ವೆ ಮುಗ್ದೋಯ್ತು ಅಜ್ಜಿ." ಆಮೇಲೆ ಮೆಲ್ಲಗೆ, "ಯಾಕೆ ಇಲ್ಲ ಅಂದ್ರಿ ಅಂತ ಬರೆಯೋಕೆ ಒಂದು ಜಾಗ ಇತ್ತು. ದಿನಕ್ಕೆ ಇಪ್ಪತ್ತು ಮನೆ ಮುಗಿಸ್ಬೇಕಿತ್ತು, ಖಾಲಿ ಬಿಟ್ಬಿಟ್ಟೆ" ಎಂದಳು.

ಬೈದೆ. ಕೇಳಿಸಿಕೊಂಡಳು. ಇಬ್ಬರಿಗೂ ಅದರಿಂದ ಏನೂ ಆಗಲಿಲ್ಲ.

ಬೇಲಿ ಬಿದ್ದರೆ ಕೆರೆಯ ಹುಲ್ಲಿಲ್ಲ, ಹುಲ್ಲು ಕೊಂಡು ಹಾಕಿದರೆ ಹಸು ಗಿಟ್ಟುವುದಿಲ್ಲ. ಮಾಲೂರಿನವನೊಬ್ಬ ಬಂದು ಎರಡನ್ನೂ ಹೊಡೆದುಕೊಂಡು ಹೋದ. ಈಗ ಎಲೆಅಡಿಕೆಗೂ ಮಗನ ಮುಂದೆ ಕೈ ಚಾಚುತ್ತೇನೆ.

ಬೇಲಿ ಹಾಕುವ ದಿನ ನಿಂತು ನೋಡಿದೆ. ಬಾಡಿಗೆ ಮನೆಗಳ ಹಿಂದೆ ಕಕ್ಕಸಿನ ಪೈಪು ಇದೆ, ನೇರವಾಗಿ ಕೆರೆಗೆ ಹೋಗುತ್ತದೆ. ಹಾಕಿಸಿದವಳು ನಾನೇ. ಕೆರೆಗೆ ಏನು ಕೊಡುತ್ತೀರಿ ಎಂದು ಕೇಳಿದ ಹುಡುಗಿ ಕೆರೆಗೆ ಏನು ಬಿಡುತ್ತೀರಿ ಎಂದು ಕೇಳಿರಲಿಲ್ಲ. ಬೇಲಿಯವನು ಪೈಪು ನೋಡಿ ಒಂದು ಗಳಿಗೆ ಯೋಚಿಸಿದ. ಅದನ್ನು ಮುಚ್ಚಿದರೆ ಹನ್ನೆರಡು ಮನೆಯೂ ಖಾಲಿ. ಅವನು ತಂತಿ ಕತ್ತರಿಸಿ, ಪೈಪಿನ ಅಳತೆಗೆ ಸರಿಯಾಗಿ ಗುಂಡಗೆ ದಾರಿ ಬಿಟ್ಟು ಮುಂದಕ್ಕೆ ಹೋದ. ಅದನ್ನು ಮುಚ್ಚದಿರಲು ಎಷ್ಟು ಕೊಡುತ್ತೀಯ ಎಂದು ಅವನು ಕೇಳಿದ್ದರೆ, ಹೇಳಿದಷ್ಟನ್ನೂ ಮಗನಿಂದ ತಂದು ಕೊಡುತ್ತಿದ್ದೆ.