ಲೂವಿಸಮ್ಮ ಓದದೆ ಬಿಟ್ಟ ಅಧ್ಯಾಯ

ದರ್ಬೆಯ ಲೂವಿಸಮ್ಮನ ಹತ್ತಿರ ಚೌಕಾಸಿಯಲ್ಲಿ ಗೆದ್ದವರು ಪುತ್ತೂರು ಪೇಟೆಯಲ್ಲಿ ಯಾರೂ ಇರಲಿಲ್ಲ. ಮೀನಿನವಳು ಬುಟ್ಟಿ ಇಳಿಸುವುದರೊಳಗೆ ಲೂವಿಸಮ್ಮ ಮೂಗು ಮುರಿದಾಗಿರುತ್ತಿತ್ತು. ದೇವರ ಹತ್ತಿರ ಪ್ರಾರ್ಥನೆಯನ್ನೂ ಹೀಗೆಯೇ ಮಾಡುವುದಾ ಎಂದು ಚರ್ಚಿನ ಹೆಂಗಸರು ನಗುತ್ತಿದ್ದರು.

ಆದರೆ ಮಗ ಆನಂದನ ವಿಷಯದಲ್ಲಿ ದೇವರು ಚೌಕಾಸಿಗೆ ಬರಲಿಲ್ಲ. ಸುಬ್ರಹ್ಮಣ್ಯದ ಕಡೆ ಕಾಡಿನಲ್ಲಿ ಮರ ಕಡಿಯುವ ಕೂಪಿನ ಕೆಲಸಕ್ಕೆ ಹೋದವನು ಮಲೇರಿಯಾ ಹಿಡಿಸಿಕೊಂಡು ಬಂದು ತೀರಿಹೋದ. ಗಂಡ ಎಂದೋ ಹೋಗಿದ್ದ. ಉಳಿದದ್ದು ಸೊಸೆ ಎಸ್ತೇರ್, ಮದುವೆಯಾಗಿ ವರ್ಷವೂ ತುಂಬಿರದ ಹುಡುಗಿ. ತವರಿನವರು ಕರೆದೊಯ್ಯಲು ಮುಲ್ಕಿಯಿಂದ ಬಂದರೆ, ಅವಳು ತನ್ನ ತಗಡಿನ ಪೆಟ್ಟಿಗೆಯನ್ನು ಮತ್ತೆ ಮಂಚದಡಿಗೆ ತಳ್ಳಿದಳು.

"ಅತ್ತೆಗೆ ಯಾರುಂಟು? ನಾನು ಬರುದಿಲ್ಲ."

ಆವತ್ತಿನಿಂದ ಲೂವಿಸಮ್ಮನಿಗೆ ಅವಳು ಎಸ್ತೇರ್ ಅಲ್ಲ, ರೂತ. ಹಳೆಯ ಒಡಂಬಡಿಕೆಯ ರೂತಳೂ ಗಂಡ ಸತ್ತ ಮೇಲೆ ತವರಿಗೆ ಹೋಗದೆ, ನೀನು ಹೋದಲ್ಲಿಗೆ ನಾನೂ ಎಂದು ಅತ್ತೆ ನೊವೊಮಿಯ ಹಿಂದೆ ಹೊರಟವಳು. ಪರರ ಗದ್ದೆಯಲ್ಲಿ ತೆನೆ ಹೆಕ್ಕಿ ಅತ್ತೆಯನ್ನು ಸಾಕಿದವಳು. ಸಂಜೆಯ ಪ್ರಾರ್ಥನೆಯಲ್ಲಿ ಲೂವಿಸಮ್ಮ ಮತ್ತೆ ಮತ್ತೆ ಅದನ್ನೇ ಓದುತ್ತಿದ್ದಳು. ತೆನೆ ಹೆಕ್ಕುವ ಎರಡನೇ ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚುತ್ತಿದ್ದಳು.

ಇವರು ಹೆಕ್ಕುತ್ತಿದ್ದದ್ದು ಒಳ್ಳೆಮೆಣಸು. ನೆರೆಮನೆಯ ಪರಮೇಶ್ವರಿ ಅಮ್ಮನ ತೋಟದಲ್ಲಿ ಬಳ್ಳಿಯಿಂದ ಕರಿಮೆಣಸು ಇಳಿಸಿದ ಮೇಲೆ ಉದುರಿದ ಕಾಳು ಹೆಕ್ಕಿದವರದ್ದು. ಅತ್ತೆ ಸೊಸೆ ಬುಟ್ಟಿ ಹಿಡಿದು, ದಿನವಿಡೀ ಬಗ್ಗಿ, ತರಗೆಲೆ ಕೆದಕುತ್ತಿದ್ದರು.

ಒಮ್ಮೆ ಚರ್ಚಿನ ಬೆಂಚು ರಿಪೇರಿಗೆ ಸುಳ್ಯದಿಂದ ಬಡಗಿ ಸಮುವೇಲ ಬಂದ. ಹೆಂಡತಿ ಸತ್ತವನು, ಮಾತು ಕಡಿಮೆ. ಕೆಲಸ ಮುಗಿದ ದಿನ ಲೂವಿಸಮ್ಮನ ಜಗಲಿಯಲ್ಲಿ ಕೂತ.

"ಅಮ್ಮಾ, ಎಸ್ತೇರನ್ನು ಮದುವೆಗೆ ಕೇಳುವ ಅಂತ ಬಂದೆ. ನಿಮ್ಮನ್ನು ಬಿಟ್ಟು ಅಲ್ಲ. ನನ್ನ ಮನೆಯಲ್ಲಿ ನಿಮಗೂ ಒಂದು ಕೋಣೆ ಉಂಟು."

ಒಳಗೆ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು.

ಆ ಕೋಣೆಯಲ್ಲಿ ತಾನು ಯಾರು? ಸತ್ತ ಗಂಡನ ತಾಯಿ. ಇಲ್ಲಿಯಾದರೆ ಅತ್ತೆ. ಲೂವಿಸಮ್ಮನಿಗೆ ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಮರ ಕಂಡರೆ ಹಲಗೆ ಎಷ್ಟು ಅಂತ ನೋಡುವವನಲ್ಲವಾ ನೀನು? ಈ ಮರ ಕಡಿಯುದಕ್ಕಿಲ್ಲ ಮಾರಾಯ. ನನ್ನ ರೂತ ಎಲ್ಲಿಗೂ ಹೋಗುದಿಲ್ಲ."

ಅವನು ಎದ್ದು ಹೋದ. ತುರಿಯುವ ಸದ್ದು ಮತ್ತೆ ಶುರುವಾಯಿತು. ಎಸ್ತೇರ್ ಏನೂ ಕೇಳಲಿಲ್ಲ. ಕೇಳಲಿಲ್ಲವೆಂದರೆ ಒಪ್ಪಿಗೆಯೇ ಎಂದು ಲೂವಿಸಮ್ಮ ತಿಳಿದಳು. ಅಗ್ಗಕ್ಕೆ ಸಿಕ್ಕಿದ್ದನ್ನು ಯಾರೂ ತಿರುಗಿಸಿ ನೋಡುವುದಿಲ್ಲವಷ್ಟೆ.

ಮರುವರ್ಷ ಲೂವಿಸಮ್ಮ ಹೆಕ್ಕಿದ ಮೆಣಸನ್ನು ಕಬಕದ ಸಾಹುಲ್ ಹಮೀದರ ಅಂಗಡಿಗೆ ಒಯ್ದಳು. ಅವರು ಅಂಗೈಯಲ್ಲಿ ಕಾಳು ಹರಡಿ ಊದಿದರು.

"ಹೆಕ್ಕಿದ್ದು ಸಾಹುಕಾರ್ರೆ, ಕದ್ದದ್ದಲ್ಲ. ಬಿದ್ದದ್ದು ಬಡವರದ್ದು ಅಂತ ನಮ್ಮ ಗ್ರಂಥದಲ್ಲೇ ಉಂಟು."

"ಕಲ್ಲು ಕೂಡ ಬಡವರದ್ದಾ ಅಮ್ಮಾ? ಅದನ್ನೂ ತೂಕಕ್ಕೆ ತಂದಿದ್ದೀರಿ!"

ಮಾನ ಉಳಿಸಿಕೊಳ್ಳಲು ಅವಳು ರೂತಳ ಕತೆ ಹೇಳಿದಳು. ಹಮೀದರು ತಕ್ಕಡಿ ಹಿಡಿದುಕೊಂಡೇ ಕೇಳಿದರು.

"ಮತ್ತೆ?"

"ಮತ್ತೆ ಎಂತ? ಅತ್ತೆಯ ಒಟ್ಟಿಗೆ ಇದ್ದಳು."

"ಅಷ್ಟೇಯಾ! ಮುದುಕಿಯಾಗುವವರೆಗೆ ಹೆಕ್ಕಿಕೊಂಡೇ ಇದ್ದಳಾ? ಎಂತ ಕತೆ ಮಾರಾಯ್ರೆ, ಒಂದೇ ತಟ್ಟೆಯ ತಕ್ಕಡಿ. ಆ ಹುಡುಗಿ ಕೊಟ್ಟದ್ದು ಗೊತ್ತಾಯಿತು. ಅತ್ತೆ ಅವಳಿಗೆ ಎಂತ ಕೊಟ್ಟಳು?"

ಲೂವಿಸಮ್ಮನಿಗೆ ಉತ್ತರ ಗೊತ್ತಿತ್ತು, ಚಿಕ್ಕಂದಿನಿಂದಲೇ. ಅವತ್ತು ಅವರು ಹೇಳಿದ ದರಕ್ಕೇ ಮೆಣಸು ಕೊಟ್ಟು ಬಂದಳು.

ಸಂಜೆ ಅವಳು ಪುಟ ತಿರುವಿ ಮೂರನೇ ಅಧ್ಯಾಯ ಓದಿದಳು. ಅಲ್ಲಿ ನೊವೊಮಿಯೇ ಬಾಯಿಬಿಟ್ಟು ಹೇಳುತ್ತಾಳೆ: ಮಗಳೇ, ನೀನು ಸುಖವಾಗಿರುವ ಮನೆಯನ್ನು ನಾನಲ್ಲದೆ ಯಾರು ಹುಡುಕಬೇಕು? ಸ್ನಾನ ಮಾಡಿ ಒಳ್ಳೆಯ ಬಟ್ಟೆ ಉಟ್ಟುಕೋ ಎಂದು ಸೊಸೆಗೆ ಹೇಳಿ, ಇನ್ನೊಂದು ಮದುವೆಯ ಬಾಳಿಗೆ ಕಳಿಸಿಕೊಡುತ್ತಾಳೆ. ಲೂವಿಸಮ್ಮ ಪುಸ್ತಕವನ್ನು ಮಡಿಲಲ್ಲಿಟ್ಟಳು.

"ಆ ಸಮುವೇಲನಿಗೆ ಹೇಳಿ ಕಳಿಸುವ, ಮಗಾ."

ಎಸ್ತೇರ್ ತಲೆ ಎತ್ತಲಿಲ್ಲ. "ನೀವು ಇದನ್ನು ಓದುವ ದಿನ ಬರ್ತದೆ ಅಂತ ಕಾದೆ ಅತ್ತೆ."

"ನೀನೇ ಹೇಳಬಹುದಿತ್ತಲ್ಲ?"

"ಅದು ಅತ್ತೆ ಹೇಳುವ ಮಾತು. ರೂತ ಹೇಳುವುದಲ್ಲ."

ಆ ಭಾನುವಾರ ಆರಾಧನೆಯ ಬಳಿಕ ಪಾದ್ರಿ ಅಯ್ಯನವರ ಕೈಯಲ್ಲೇ ಸಮುವೇಲನಿಗೆ ಹೇಳಿಸಬೇಕೆಂದು ಲೂವಿಸಮ್ಮ ಬಿಳಿ ಸೀರೆ ಉಟ್ಟು ಚರ್ಚಿಗೆ ಹೋದಳು. ಅಲ್ಲಿ ಮದುವೆ ನಿಶ್ಚಯವಾದವರ ಹೆಸರನ್ನು ಸಭೆಯಲ್ಲಿ ಓದಿ, ಆಕ್ಷೇಪ ಉಂಟೇ ಎಂದು ಕೇಳುವುದು ಕ್ರಮ. ಸುಳ್ಯದವರ ಹೆಸರೂ ಪುತ್ತೂರಿನಲ್ಲೇ ಓದುವುದು. ಅಯ್ಯನವರು ಕನ್ನಡಕ ಸರಿಮಾಡಿ ಓದಿದರು: ಸುಳ್ಯದ ಬಡಗಿ ಸಮುವೇಲನಿಗೂ ಉಡುಪಿಯ ಸಲೋಮಿಗೂ.

"ಯಾರಿಗಾದರೂ ಆಕ್ಷೇಪವಿದ್ದರೆ ಈಗ ಹೇಳಬೇಕು."

ಮೀನಿನವಳನ್ನೂ ದೇವರನ್ನೂ ಬಿಡದೆ ಮಾತಾಡಿದ ಬಾಯಿ ತೆರೆಯಲಿಲ್ಲ. ಪಕ್ಕದಲ್ಲಿ ಎಸ್ತೇರ್ ಕೀರ್ತನೆಯ ಪುಟ ಹುಡುಕಿ ಅತ್ತೆಯ ಮುಂದೆ ಹಿಡಿದಳು.

ಮಾರನೇ ದಿನ ತೋಟದಲ್ಲಿ ಇಬ್ಬರೂ ಬಗ್ಗಿದ್ದರು. ಲೂವಿಸಮ್ಮ ತಾನು ಹೆಕ್ಕಿದ್ದನ್ನೆಲ್ಲ ತಂದು ಎಸ್ತೇರಳ ಬುಟ್ಟಿಗೆ ಸುರಿದಳು.

"ಎಸ್ತೇರ್," ಎಂದಳು. ಆ ಹೆಸರು ಅವಳ ಬಾಯಲ್ಲಿ ಬಂದು ವರ್ಷಗಳಾಗಿದ್ದವು.

ಎಸ್ತೇರ್ ಕುಕ್ಕರುಗಾಲಿನಲ್ಲಿ ಕೂತು, ಅತ್ತೆ ಸುರಿದ ಮೆಣಸಿನಿಂದ ಒಂದೊಂದಾಗಿ ಕಲ್ಲು ಆರಿಸತೊಡಗಿದಳು.