ಸತ್ತ ತಂತಿಯಲ್ಲಿ ಬಂದ ಕರೆ

ಇಂಥ ಕಥೆಗಳನ್ನು ಯಾರಾದರೂ ಹೇಳತೊಡಗಿದರೆ ನಡುವೆ ತಡೆದು ಪ್ರಶ್ನೆ ಕೇಳುವ ಕೆಟ್ಟ ಅಭ್ಯಾಸ ನನಗಿತ್ತು. ಎಷ್ಟು ಗಂಟೆಗೆ? ಜೊತೆಯಲ್ಲಿ ಯಾರಿದ್ದರು? ನೀವೇ ಕಂಡಿರೋ, ಯಾರೋ ಹೇಳಿದ್ದೋ? ಮೂರನೆಯ ಪ್ರಶ್ನೆಗೆ ಹೆಚ್ಚಿನ ದೆವ್ವಗಳು ಊರು ಬಿಡುತ್ತವೆ. ಈಗ ಬರೆಯುತ್ತಿರುವ ಸಂಗತಿಗೂ ನಾನು ಅವೇ ಪ್ರಶ್ನೆಗಳನ್ನು ಹಾಕಿ ನೋಡಿದ್ದೇನೆ. ಇದು ಮಾತ್ರ ಊರು ಬಿಟ್ಟಿಲ್ಲ.

ನಾನು ತುಮಕೂರು ಕಡೆಯವನು. ಓದು ಮುಗಿಸಿದ ಮೇಲೆ ವಿದ್ಯುತ್ ಮಾರ್ಗ ಕಟ್ಟುವ ಒಂದು ಗುತ್ತಿಗೆ ಕಂಪನಿಗೆ ಸೇರಿ ಔರಂಗಾಬಾದಿಗೆ ಹೋದೆ; ಈಗ ಅದು ಸಂಭಾಜಿನಗರ. ಆಗ ದೇಶದ ಬೇರೆ ಬೇರೆ ವಿದ್ಯುತ್ ಜಾಲಗಳನ್ನು ಒಂದಾಗಿ ಬೆಸೆಯುವ ಕೆಲಸ ಭರದಿಂದ ನಡೆದಿತ್ತು. ನಮ್ಮ ದಕ್ಷಿಣದ ಜಾಲವೊಂದು ಇನ್ನೂ ಬೇರೆಯಾಗಿಯೇ ಇತ್ತು. ಕಲ್ಲಿದ್ದಲು ಇರುವ ಪೂರ್ವದಿಂದ ಕಾರ್ಖಾನೆಗಳಿರುವ ಪಶ್ಚಿಮಕ್ಕೆ ಕರೆಂಟು ತರುವ ಮಾರ್ಗಗಳಲ್ಲಿ ನಮ್ಮದೂ ಒಂದು ತುಂಡು. ಎಷ್ಟು ಟವರು ನಿಂತವು, ಎಷ್ಟು ದೂರ ತಂತಿ ಎಳೆದೆವು, ಎಷ್ಟು ಉಳಿಯಿತು ಎಂದು ಪ್ರತಿ ಸಂಜೆ ಡೈರಿಯಲ್ಲಿ ಬರೆಯುತ್ತಿದ್ದೆ. ಮಳೆಗಾಲಕ್ಕೆ ಮೊದಲು ಉಳಿದದ್ದು ಸೊನ್ನೆಯಾಗಬೇಕು ಎಂಬ ಹಟ ನನ್ನದು.

ಕೊನೆಗೆ ಕೆಲಸ ಒಂದೇ ಕಡೆ ಬಂದು ನಿಂತಿತು. ಕನ್ನಡ ಎಂಬ ಊರಿನಾಚೆ, ಘಾಟಿನ ಕೆಳಗೆ, ನಮ್ಮ ಹೊಸ ತಂತಿ ಒಂದು ಹಳೆಯ ಮಾರ್ಗದ ಮೇಲೆ ಹಾದುಹೋಗಬೇಕಿತ್ತು. ಅದನ್ನು ಎಳೆಯುವಾಗ ಕೆಳಗಿನ ತಂತಿಯಲ್ಲಿ ಕರೆಂಟು ಇರಬಾರದು. ಆದರೆ ಮಾಲೇಗಾಂವ್‌ನ ಮಗ್ಗಗಳು ಓಡುತ್ತಿದ್ದದ್ದೇ ಆ ಹಳೆಯ ಮಾರ್ಗದಿಂದ. ಅದನ್ನು ಸ್ವಲ್ಪ ಹೊತ್ತು ಬಂದ್ ಮಾಡಿಕೊಡಿ ಎಂದು ಕೇಳಿದಾಗಲೆಲ್ಲ ಆಗುವುದಿಲ್ಲ ಎಂಬ ಉತ್ತರ. ಬಿಡದೆ ಕೇಳಿದ ಮೇಲೆ, ಮಾರ್ಚ್ ಕೊನೆಯಲ್ಲಿ, ಮಗ್ಗಗಳಿಗೆ ರಜೆಯಿರುವ ಒಂದು ಶುಕ್ರವಾರ ಸಂಜೆ ಆರರವರೆಗೆ ಬಂದ್ ಸಿಕ್ಕಿತು.

ಬಂದ್ ಕೊಡುವವರು ಆ ಹಳೆಯ ಮಾರ್ಗದ ನಾಸಿಕ್ ಕಡೆಯ ತುದಿಯಲ್ಲಿದ್ದ ಸಬ್‌ಸ್ಟೇಷನ್ನಿನ ಆಪರೇಟರ್ ಬಿರಾದಾರರು. ವಿಜಯಪುರ ಜಿಲ್ಲೆಯವರು, ನಿವೃತ್ತಿಗೆ ಹತ್ತಿರವಾಗಿದ್ದರು. ಲೈನು ನನ್ನ ಹೆಸರಿನಲ್ಲಿ ಪಡೆದದ್ದು, ಹಿಂದಿರುಗಿಸಬೇಕಾದವನೂ ನಾನೇ. “ಎಲ್ಲರೂ ಇಳಿದಿದ್ದಾರೆ, ಲೈನ್ ತೆಗೆದುಕೊಳ್ಳಿ” ಎಂದು ನಾನು ಹೇಳುವ ತನಕ ಅವರು ಕರೆಂಟು ಬಿಡುವಂತಿಲ್ಲ. ಹೇಳಿದ ಮೇಲೆ ತಡಮಾಡುವಂತೆಯೂ ಇಲ್ಲ.

ಬೆಳಿಗ್ಗೆ ಫೋನು ಮಾಡಿದಾಗ ಕೇಳಿದರು: “ಏನ್ ಸಾಹೇಬ್ರ, ಇವತ್ತರ ಮುಗಸ್ತೀರೊ, ಇಲ್ಲಾ ನಾ ರಿಟೈರ್ ಆಗೂತನಕಾ ವೈರ್ ಜಗ್ಗತೀರೊ?”

“ಇವತ್ತ ಮುಗಸ್ತೀನ್ರಿ ಸಾಹೇಬ್ರ” ಎಂದು ಅವರ ಧಾಟಿಯಲ್ಲೇ ಹೇಳಲು ನೋಡಿದೆ.

“ಬ್ಯಾಡ್ರಿ, ಬ್ಯಾಡ್ರಿ. ನಿಮ್ಮ ಬಾಯಾಗ ನಮ್ಮ ಮಾತು ಕುಂಟತೈತಿ.”

ಕೆಲಸಗಾರರೆಲ್ಲ ಬಂಗಾಳದ ಮಾಲ್ದಾದವರು, ಮೇಸ್ತ್ರಿ ಹಕೀಂ. ಅವರಲ್ಲಿ ರಫೀಕುಲ್ ಎಂಬ ತರುಣನಿಗೆ ಆ ಊರಿನ ಹೆಸರೇ ಒಂದು ತಮಾಷೆಯಾಗಿತ್ತು. “ಬಾಬು, ಯೇ ತೋ ಆಪ್ ಕಾ ಗಾಂವ್ ಹೈ, ಚಾಯ್ ಪಿಲಾವೋ” ಎಂದು, ಇದು ನಿಮ್ಮದೇ ಊರಲ್ಲವೇ ಎಂಬ ನೆಪ ಹೂಡಿ, ದಿನವೂ ನನ್ನಿಂದ ಚಹಾ ವಸೂಲಿ ಮಾಡುತ್ತಿದ್ದ. ಊರಿನ ಹೆಸರು ಕನ್ನಡವಾದರೂ ನಮ್ಮ ಇಡೀ ತಂಡದಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ.

ಅವರಲ್ಲೊಂದು ಪದ್ಧತಿಯಿತ್ತು. ಹತ್ತುವವನು ಚಪ್ಪಲಿಯನ್ನು ಟವರಿನ ಬುಡದಲ್ಲಿ ಬಿಟ್ಟು ಬರಿಗಾಲಲ್ಲಿ ಹತ್ತುತ್ತಾನೆ. ಬುಡದಲ್ಲಿ ಚಪ್ಪಲಿ ಇಲ್ಲವೆಂದರೆ ಮೇಲೆ ಯಾರೂ ಇಲ್ಲ ಎಂದು ಅರ್ಥ.

ಆ ದಿನ ಬಿಸಿಲು ವಿಪರೀತ. ಮೂರು ತಂತಿಗಳಲ್ಲಿ ಎರಡನ್ನು ದಾಟಿಸಿದೆವು. ಮೂರನೆಯದಕ್ಕೆ ಹೊತ್ತು ಸಾಲಲಿಲ್ಲ. ಕ್ಷೇಮಕ್ಕಾಗಿ ಹಳೆಯ ಮಾರ್ಗದ ಎರಡು ಟವರುಗಳಲ್ಲಿ ತಂತಿಯನ್ನು ನೆಲಕ್ಕೆ ಜೋಡಿಸಿದ್ದೆವು. ಅದನ್ನು ಬಿಚ್ಚಲು ಆ ಟವರುಗಳಿಗೆ ಕೆಲವರು ಹತ್ತಿದರು. ಆಮೇಲೆ ಹಕೀಂ ಬಂದು ಎಲ್ಲರೂ ಇಳಿದರು ಎಂದ. ನಾನೂ ಎರಡು ಟವರುಗಳ ಬುಡ ಸುತ್ತಿ ನೋಡಿದೆ. ಚಪ್ಪಲಿ ಇರಲಿಲ್ಲ. ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ಘಾಟಿನ ಒಂದು ತಿರುವಿನಲ್ಲಿ ಮಾತ್ರ. ಬೈಕ್ ಹತ್ತಿ ಅಲ್ಲಿಗೆ ಹೋಗಿ ಬಿರಾದಾರರಿಗೆ ಫೋನು ಹಚ್ಚಿದೆ.

“ಸಾಹೇಬರೇ, ಎಲ್ಲರೂ ಇಳಿದಿದ್ದಾರೆ, ಲೈನ್...”

“ತಡೀರಿ, ತಡೀರಿ. ಈಗರ ಮ್ಯಾಲ ಒಬ್ಬಾಂವ ಅದಾನ ಅಂದ್ರಿ. ಇಳದನೇನು ಅಂವಾ?”

“ಯಾರು ಹೇಳಿದರು?”

“ನೀವ ಹೇಳಿದ್ರೆಲ್ರಿ! ‘ಒಬ್ಬಾಂವ ಮ್ಯಾಲ ಅದಾನ್ರಿ, ಲೈನ್ ತಗೋಬ್ಯಾಡ್ರಿ’ ಅಂತ. ಒಂದ ಸರ್ತಿ ಹೇಳಿ ಫೋನ್ ಇಟ್ಟಬಿಟ್ರಿ. ಛಲೋ ಮಾತಾಡಿದ್ರಿ, ಎಲ್ಲೂ ಕುಂಟ್ಲಿಲ್ಲ. ಚ್ಯಾಷ್ಟಿ ಮಾಡೂ ಹೊತ್ತೇನ್ರಿ ಇದು?”

“ನಾನು ಫೋನು ಮಾಡಿದ್ದು ಈಗಲೇ, ಸಾಹೇಬರೇ.”

ಬಿರಾದಾರರು ಬೇರೆಯೇ ದನಿಯಲ್ಲಿ ಹೇಳಿದರು: “ಹೋಗಿ ನೋಡ್ರಿ ಮದಲ. ನೀವು ಹೊಳ್ಳಿ ಹೇಳೂಮಟಾ ನಾ ಏನೂ ಮುಟ್ಟಂಗಿಲ್ಲ. ಮ್ಯಾಲಿನವ್ರು ಬೈದ್ರ ಬೈಲಿ.”

ನಾನು ಮರಳುವಾಗ ಮಬ್ಬು ಕವಿದಿತ್ತು. ಕೆಲಸಗಾರರು ಟ್ರ್ಯಾಕ್ಟರ್ ಏರಿ ಕೂತಿದ್ದರು. ಎಲ್ಲರನ್ನೂ ಇಳಿಸಿ ಒಬ್ಬೊಬ್ಬರ ಹೆಸರು ಕೂಗಿದೆ. ರಫೀಕುಲ್ ಎಂದಾಗ ಯಾರೂ ಓಗೊಡಲಿಲ್ಲ. ಅವನ ಚಪ್ಪಲಿ, ಅವನ ಜೊತೆ ಅದೇ ಟವರಿನಲ್ಲಿದ್ದ ಸಮೀರ ಎಂಬವನ ಕಾಲಲ್ಲಿತ್ತು. ತನ್ನದರ ಪಟ್ಟಿ ಕಿತ್ತುಹೋಗಿತ್ತು, ರಫೀಕುಲ್ ಇನ್ನೊಂದು ಟವರಿನವರ ಜೊತೆ ಬಂದಿರಬೇಕು ಎಂದು ಹಾಕಿಕೊಂಡೆ ಎಂದ ಸಮೀರ. ಇನ್ನೊಂದು ಟವರಿನವರು ಅವನು ಇವರ ಜೊತೆಗಿದ್ದಾನೆ ಎಂದುಕೊಂಡಿದ್ದರು.

ಟಾರ್ಚ್ ಬಿಟ್ಟು ನೋಡಿದೆವು. ಟವರಿನ ತೋಳಿನ ತುದಿಯಲ್ಲಿ, ತಂತಿಯಿಂದ ಕೈಯಳತೆಯಲ್ಲಿ, ರಫೀಕುಲ್ ಸೊಂಟದ ಬೆಲ್ಟಿಗೆ ಜೋತುಬಿದ್ದಿದ್ದ. ಜೋಡಣೆ ಬಿಚ್ಚುವ ಕೆಲಸ ಮುಗಿಸಿ, ಬಿಸಿಲಿನ ಬಳಲಿಕೆಗೆ ಅಲ್ಲಿಯೇ ಎಚ್ಚರ ತಪ್ಪಿದ್ದ. ನಾನು ಲೈನ್ ಹಿಂದಿರುಗಿಸಿದ್ದರೆ ಅವನು ಉಳಿಯುತ್ತಿರಲಿಲ್ಲ.

ಹಕೀಂ ಹತ್ತಿದ, ಅವನ ಹಿಂದೆ ನಾನೂ ಹತ್ತಿದೆ. ಹಗ್ಗ ಕಟ್ಟಿ ಇಳಿಸಿ ಮುಖಕ್ಕೆ ನೀರು ಹಾಕಿದಾಗ ರಫೀಕುಲ್ ಕಣ್ಣು ತೆರೆದು ಮೊದಲು ಕೇಳಿದ್ದು, “ಲೈನ್ ದೇ ದಿಯಾ ಕ್ಯಾ, ಬಾಬು?” ಇನ್ನೂ ಕೊಟ್ಟಿಲ್ಲ ಎಂದೆ.

ತಡವಾದದ್ದಕ್ಕೆ ಎರಡೂ ಕಡೆಯ ಮೇಲಧಿಕಾರಿಗಳು ಕೂಗಾಡಿದರು. ಇನ್ನು ಬಂದ್ ಕೊಡುವುದಿಲ್ಲ ಎಂದರು ನಾಸಿಕ್ಕಿನವರು. ಒಂದು ತಂತಿ ಬಾಕಿ ಇತ್ತು. ಮರುವಾರ ನಾನೇ ನಾಸಿಕ್ಕಿಗೆ ಹೋಗಿ, ನಡೆದದ್ದನ್ನು ನಡೆದಂತೆ ಹೇಳಿ, ಒಪ್ಪುವ ತನಕ ಆಫೀಸಿನ ಬೆಂಚು ಬಿಟ್ಟು ಏಳಲಿಲ್ಲ. ಕೊನೆಗೆ ಒಪ್ಪಿದರು.

ಅಲ್ಲಿಂದ ಬಿರಾದಾರರ ಬಳಿ ಹೋದೆ. ಆ ಕರೆ ಬಂದ ಫೋನನ್ನು ಅವರು ತೋರಿಸಿದರು. ಅದು ಹೊರಗಿನವರು ಕರೆ ಮಾಡಬಲ್ಲ ಮಾಮೂಲಿ ಫೋನಲ್ಲ. ವಿದ್ಯುತ್ ಮಾರ್ಗದ ತಂತಿಯ ಮೇಲೆಯೇ ದನಿಯನ್ನೂ ಸಾಗಿಸುವ, ಎರಡು ತುದಿಯ ಸಬ್‌ಸ್ಟೇಷನ್ನುಗಳ ನಡುವೆ ಮಾತ್ರ ಇರುವ ಫೋನು. ಆ ದಿನ ಬಂದ್ ಆಗಿದ್ದದ್ದು ಅದೇ ಮಾರ್ಗ. ಅದರ ಎರಡೂ ತುದಿಗಳನ್ನು ನೆಲಕ್ಕೆ ಜೋಡಿಸಿಟ್ಟಿದ್ದರು; ಹಾಗಿರುವಾಗ ಅದರಲ್ಲಿ ದನಿ ಸಾಗುವಂತಿಲ್ಲ.

“ಗಡಿಬಿಡ್ಯಾಗ ಯಾವ ಫೋನಂತ ನೋಡ್ಲಿಲ್ರಿ. ಬಾರಿಸ್ತು, ಎತ್ತಿದೆ” ಎಂದರು ಬಿರಾದಾರರು.

ಔರಂಗಾಬಾದ್ ಕಡೆಯ ತುದಿಯ ಆಪರೇಟರನನ್ನೂ ಹೋಗಿ ಕಂಡೆ. ಮರಾಠಿಯವನು, ಕನ್ನಡ ಬಾರದು. “ಮಲಾ ಕನ್ನಡ ಯೇತ್ ನಾಹೀ, ಭಾವೂ” ಎಂದು ನಕ್ಕುಬಿಟ್ಟ. ತಾನು ಫೋನು ಮುಟ್ಟಿಯೇ ಇಲ್ಲ ಎಂದ. ಎರಡನೆಯ ಬಂದ್‌ನ ದಿನ, ಎಲ್ಲವೂ ಮೊದಲಿನಂತೆಯೇ ಇದ್ದಾಗ, ಬಿರಾದಾರರಿಗೆ ಹೇಳಿ ಆ ಫೋನು ಎತ್ತಿಸಿದೆ. “ಸತ್ತೈತ್ರಿ. ಉಸರ ಇಲ್ಲ” ಎಂದರು.

ಬಿರಾದಾರರ ಆತಂಕವೇ ದನಿಯಾಗಿ ಕೇಳಿಸಿರಬಹುದೆ? ಇರಬಹುದು. ಆದರೆ ಮೇಲೆ ಒಬ್ಬನಿದ್ದಾನೆ ಎಂದು ಟವರಿನ ಬುಡದಲ್ಲಿದ್ದ ನಮಗೇ ಗೊತ್ತಿರಲಿಲ್ಲ. ಜೋಡಣೆ ಎಲ್ಲೋ ಸಡಿಲವಾಗಿದ್ದು ಫೋನು ಜೀವಂತವಿತ್ತು ಎಂದೇ ಇಟ್ಟುಕೊಳ್ಳಿ. ಹಾಗಾದರೆ ಮಾತಾಡಿದವರು ಯಾರು?

ಎರಡನೆಯ ಬಂದ್‌ನ ದಿನ ರಫೀಕುಲ್ ಹಟ ಹಿಡಿದು ಅದೇ ಟವರ್ ಹತ್ತಿದ. ಹಕೀಂ ಬೈದರೂ ಕೇಳಲಿಲ್ಲ. ಮೂರನೆಯ ತಂತಿ ದಾಟಿತು. ಪ್ರತಿಯೊಬ್ಬನನ್ನೂ ಹೆಸರು ಹಿಡಿದು ಕೂಗಿ, ಮುಖ ನೋಡಿ, ಹೊತ್ತಿಗೆ ಮೊದಲೇ ಲೈನ್ ಹಿಂದಿರುಗಿಸಿದೆ. ಆ ಸಂಜೆ ರಫೀಕುಲ್‌ಗೆ ಎಲ್ಲವನ್ನೂ ಹೇಳಿದೆ. ಅವನು ಒಂದೇ ಪ್ರಶ್ನೆ ಕೇಳಿದ: ಆ ದನಿ ಯಾವ ಭಾಷೆಯಲ್ಲಿ ಮಾತಾಡಿತು?

“ಕನ್ನಡದಲ್ಲಿ.”

“ನನ್ನ ಸಲುವಾಗಿ ಮಾತಾಡುವವರೆಲ್ಲ ಮಾಲ್ದಾದಲ್ಲಿದ್ದಾರೆ, ಬಾಬು. ಅವರಿಗೆ ಬಂಗಾಳಿ ಬಿಟ್ಟರೆ ಬೇರೆ ಬಾರದು. ಅದು ನೀವೇ” ಎಂದ.

ನಾನಲ್ಲ ಎಂದು ಆಗಲೂ ಹೇಳಿದೆ, ಆಮೇಲೂ ಹೇಳಿದ್ದೇನೆ. ಅವನು ನಂಬಿಲ್ಲ. ಇಂದಿಗೂ ಪ್ರತಿ ಈದ್ ದಿನ ಎಲ್ಲಿದ್ದರೂ ಫೋನು ಮಾಡಿ, ತನ್ನ ಮಕ್ಕಳ ಕೈಗೂ ಫೋನು ಕೊಟ್ಟು, ನನಗೆ ಶುಕ್ರಿಯಾ ಹೇಳಿಸುತ್ತಾನೆ. ಅದನ್ನು ನಾನು ಇಟ್ಟುಕೊಳ್ಳುವಂತಿಲ್ಲ. ಯಾರಿಗೆ ತಲುಪಿಸಬೇಕೋ, ಅದೂ ನನಗೆ ಗೊತ್ತಿಲ್ಲ.